ಎರಡೂವರೆ ವರ್ಷ ಬೆಳ್ಳಿ ನೀರು ಕುಡಿದೆ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಈಗೀಗ ಅದಕ್ಕಿಂತ ಜಾಸ್ತಿ ಜೆರಾಕ್ಸು. 2022ರ ಡಿಸೆಂಬರ್‌ನಲ್ಲಿ ಬ್ಯಾಂಕಿನ ಕೆಲಸಕ್ಕೆ ನನ್ನದೇ ಒಂದು ಫೋಟೋ ಬೇಕಾಯಿತು. ಹುಡುಗ ಊಟಕ್ಕೆ ಹೋಗಿದ್ದ. ನಾನೇ ಟೈಮರ್ ಇಟ್ಟು, ಓಡಿ ಹೋಗಿ ಸ್ಟೂಲಿನ ಮೇಲೆ ಕೂತು ತೆಗೆದುಕೊಂಡೆ.

ಕಂಪ್ಯೂಟರಿಗೆ ಹಾಕಿ ನೋಡಿದರೆ ಮುಖವೆಲ್ಲ ಬೂದಿ ಬಣ್ಣ. ವೈಟ್ ಬ್ಯಾಲೆನ್ಸ್ ಎಲ್ಲೋ ಕೈಕೊಟ್ಟಿದೆ ಅಂದುಕೊಂಡು ಕೆಂಪು ಏರಿಸಿದೆ, ಹಳದಿ ಏರಿಸಿದೆ. ಮುಖ ಸರಿಹೋಯಿತು, ಹಿಂದಿನ ಬಿಳಿ ಪರದೆ ಮಜ್ಜಿಗೆಹುಳಿ ಬಣ್ಣಕ್ಕೆ ತಿರುಗಿತು. ಪರದೆಯನ್ನು ಬಿಳಿ ಮಾಡಿದರೆ ಮುಖ ಮತ್ತೆ ಬೂದಿ. ಹೀಗೆ ಹತ್ತು ನಿಮಿಷ ಆಟ ಆಡಿದೆ. ಅಷ್ಟರಲ್ಲಿ ಮನೆಯವಳು ಕ್ಯಾರಿಯರ್ ಹಿಡಿದುಕೊಂಡು ಬಂದಳು. ಸ್ವಲ್ಪ ಕೂತ್ಕೋ ಅಂತ ಅವಳನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಅದೇ ಲೈಟು, ಅದೇ ಸೆಟ್ಟಿಂಗಿನಲ್ಲಿ ಒಂದು ತೆಗೆದೆ. ಅವಳ ಮುಖ ಅವಳ ಮುಖದ ಹಾಗೇ ಬಂತು.

ಎರಡೂ ಫೋಟೋ ಪಕ್ಕಪಕ್ಕ ಇಟ್ಟಾಗ ಅವಳೇ ಹೇಳಿದಳು: "ರೀ, ದೀಪಾವಳಿಯಿಂದ ಬಡ್ಕೋತಾ ಇದೀನಿ, ನಿಮ್ಮ ಮುಖ ಒಂಥರಾ ಆಗಿದೆ ಅಂತ. ನೀವು ಬಿಸಿಲು, ಬಿಸಿಲು ಅಂತೀರಿ."

ಕ್ಯಾಮೆರಾ ಸರಿಯಾಗೇ ಇತ್ತು.

ಇದೆಲ್ಲ ಶುರುವಾಗಿದ್ದು ಮೂಗಿನಿಂದ. ನನಗೆ ಸೈನಸ್ ತೊಂದರೆ ಹಳೆಯದು. ಕಾರ್ತಿಕ ಮಾಸ ಬಂತೆಂದರೆ ಮೂಗು ಕಟ್ಟುತ್ತದೆ, ಹಣೆ ಭಾರ, ಬೆಳಗ್ಗೆ ಎದ್ದರೆ ಹದಿನೈದು ಸೀನು. ಅದರ ಮೇಲೆ ನಮ್ಮ ರಸ್ತೆ ಅಗೆದು ವರ್ಷಗಟ್ಟಲೆ ಬಿಟ್ಟಿದ್ದರಲ್ಲ, ಆ ಧೂಳು. ಒಂದೇ ವರ್ಷದಲ್ಲಿ ಮೂರು ಸಲ ಆಂಟಿಬಯೋಟಿಕ್ ನುಂಗಿದ್ದೆ. ನಾಲ್ಕನೇ ಸಲ ಬೇಡ ಅನ್ನಿಸಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಸ್ಟುಡಿಯೋ ಬಾಗಿಲು ಹಾಕಿದೆ, ಬುಕ್ ಆಗಿದ್ದ ಮದುವೆಗಳೆಲ್ಲ ಮುಂದಕ್ಕೆ ಹೋದವು. ಮನೆಯಲ್ಲಿ ಕೂತು ಮಾಡುವುದಾದರೂ ಏನು? ಫೋನ್ ನೋಡುವುದು. ಆಗ ಗುಬ್ಬಿಯಲ್ಲಿರುವ ನನ್ನ ಷಡ್ಡಕ ಒಂದು ವಿಡಿಯೋ ಕಳಿಸಿದ. ಬೆಳ್ಳಿಯ ಕಣಗಳು ತೇಲುವ ನೀರು, ಕೊಲೊಯ್ಡಲ್ ಸಿಲ್ವರ್ ಅಂತೆ. 650 ಬಗೆ ರೋಗಾಣು ಸಾಯುತ್ತವಂತೆ. ಕೊರೊನಾ ಕೂಡ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲವಂತೆ. ಕೆಳಗಡೆ ಷಡ್ಡಕನ ಮಾತು: "ಅಣ್ಣ, ನಿಮ್ಮ ಮೂಗಿಗೆ ಇದೇ ರಾಮಬಾಣ."

ನಾನು ಪೂರ್ತಿ ದಡ್ಡನೇನಲ್ಲ. ಎರಡು ದಿನ ಯೋಚನೆ ಮಾಡಿದೆ. ಆದರೆ ಯೋಚನೆ ಮಾಡಿದಷ್ಟೂ ಅದು ಸರಿ ಅಂತಲೇ ಅನ್ನಿಸುತ್ತಾ ಹೋಯಿತು. ನಮ್ಮ ಮನೆ ಮಕ್ಕಳಿಗೆಲ್ಲ ಹಾಲು ಹಾಕಿದ್ದು ಬೆಳ್ಳಿ ಒಳಲೆಯಲ್ಲೇ ಅಲ್ವಾ? ಸ್ವೀಟಿನ ಮೇಲೆ ಬೆಳ್ಳಿ ಹಾಳೆ ಅಂಟಿಸಿ ತಿನ್ನುವುದಿಲ್ವಾ? ಸುಟ್ಟ ಗಾಯಕ್ಕೆ ಡಾಕ್ಟರು ಬರೆದುಕೊಡುವ ಬಿಳಿ ಮುಲಾಮಿನಲ್ಲೂ ಬೆಳ್ಳಿ ಇದೆ. ಇದೆಲ್ಲ ನಿಜವೇ. ಆದರೆ ಒಳಲೆಯ ಬೆಳ್ಳಿ ಗಟ್ಟಿ ಬೆಳ್ಳಿ, ಹಾಲಿಗೆ ಬಿಡುವುದು ಇಲ್ಲವೆನ್ನುವಷ್ಟು ಕಮ್ಮಿ. ಸ್ವೀಟಿನ ಹಾಳೆ ಬಹುಪಾಲು ಹಾಗೇ ಹೊಟ್ಟೆಯಿಂದ ಹೊರಗೆ ಹೋಗುತ್ತದೆ. ಮುಲಾಮನ್ನು ಹಚ್ಚುತ್ತಾರೆ, ನುಂಗುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ಆಗ ಹೊಳೆಯಲಿಲ್ಲ. ಹೊಳೆಯಬಾರದು ಅಂತ ನಾನೇ ಕೂತಿದ್ದೆ ಅಂದರೂ ತಪ್ಪಿಲ್ಲ.

ಲಾಕ್‌ಡೌನ್ ಸ್ವಲ್ಪ ಸಡಿಲವಾದ ಮೇಲೆ ಚಿಕ್ಕಪೇಟೆಗೆ ಹೋದೆ. ಪರಿಚಯದ ಅಕ್ಕಸಾಲಿಯೊಬ್ಬರಿದ್ದಾರೆ. ಶುದ್ಧ ಬೆಳ್ಳಿ, 999 ಇರೋದು, ತಂತಿ ಎಳೆದುಕೊಡಿ ಅಂದೆ. ಗೆಜ್ಜೆ ಬೆಳ್ಳಿಯಲ್ಲಿ ತಾಮ್ರ ಬೆರೆತಿರುತ್ತದೆ, ಅದು ಆಗುವುದಿಲ್ಲ. ಏನಕ್ಕೆ ಅಂತ ಕೇಳಿದರು. ಪೂಜೆಗೆ ಅಂದೆ. ಔಷಧಿಗೆ ಅಂತ ಹೇಳಲು ಯಾಕೋ ನಾಚಿಕೆ ಆಯಿತು. ಐದೈದು ಗ್ರಾಮಿನ ಎರಡು ತಂತಿ ಮಾಡಿಕೊಟ್ಟರು.

ಉಳಿದದ್ದೆಲ್ಲ ಸುಲಭ. 9 ವೋಲ್ಟಿನ ಚೌಕದ ಬ್ಯಾಟರಿ ಮೂರು, ಸಾಲಾಗಿ ಜೋಡಿಸಿದರೆ 27 ವೋಲ್ಟು. ಎರಡು ಕ್ಲಿಪ್ಪು. ಒಂದು ಗಾಜಿನ ಲೋಟ. ಮೊದಲ ದಿನ ನಮ್ಮ ಬೀದಿಯ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೇ ಹಾಕಿದೆ. ಐದು ನಿಮಿಷಕ್ಕೆ ನೀರು ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಯಿತು. ವಿಡಿಯೋದಲ್ಲಿ ಹಾಗೆ ಆಗಬಾರದು ಅಂದಿದ್ದರು. ಲೋಟವನ್ನು ಕಿಟಕಿಯಲ್ಲಿ ಇಟ್ಟು ಮರೆತುಬಿಟ್ಟೆ. ಮಧ್ಯಾಹ್ನ ನೋಡಿದರೆ ಬಿಸಿಲು ಬಿದ್ದ ಕಡೆಯೆಲ್ಲ ತಳದ ಬಿಳಿ ಪುಡಿ ನೇರಳೆಗೆ ತಿರುಗಿತ್ತು. ನೇರಳೆ ಅಂದರೆ ಹಣ್ಣಿನ ಬಣ್ಣ ಅಲ್ಲ, ಸ್ವಲ್ಪ ಬೂದಿ ಬೆರೆತ ನೇರಳೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಡಿಜಿಟಲ್ ಬರುವ ಮುಂಚೆ ನಾನು ಹದಿನಾಲ್ಕು ವರ್ಷ ಡಾರ್ಕ್ ರೂಮಿನಲ್ಲಿ ಕೆಲಸ ಮಾಡಿದವನು. ಕಪ್ಪು ಬಿಳುಪು ಫಿಲಮ್ಮು, ಪೇಪರು ಎಲ್ಲದರ ಮೇಲೂ ಇರುವುದು ಬೆಳ್ಳಿಯ ಉಪ್ಪೇ. ಸಿಲ್ವರ್ ಬ್ರೋಮೈಡು, ಸಿಲ್ವರ್ ಕ್ಲೋರೈಡು. ಬೆಳಕು ಬಿದ್ದ ಕಡೆ ಅದು ಬೆಳ್ಳಿಯಾಗುತ್ತದೆ, ಅಷ್ಟು ಸಣ್ಣ ಪುಡಿಯಾದ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಫೋಟೋ ಅಂದರೆ ಅಷ್ಟೇ. ಬೆಳಕು ಬೀಳದ ಕಡೆಯ ಬೆಳ್ಳಿಯ ಉಪ್ಪನ್ನು ಹೈಪೋ ಅನ್ನುವ ಕೆಮಿಕಲ್ ನೀರಿನಲ್ಲಿ ತೊಳೆದು ತೆಗೆಯುತ್ತಿದ್ದೆವು. ಹಾಗೆ ತೊಳೆದ ಹಳೆ ಹೈಪೋ ನೀರನ್ನು ಕೊಳ್ಳುವುದಕ್ಕೆ ಅಂತಲೇ ಕ್ಯಾನ್ ಕಟ್ಟಿಕೊಂಡು ಒಬ್ಬ ಬರುತ್ತಿದ್ದ, ಅದರಿಂದ ಬೆಳ್ಳಿ ತೆಗೆದು ಮಾರುತ್ತಿದ್ದ. ಇಷ್ಟೆಲ್ಲ ಗೊತ್ತಿದ್ದ ನಾನು ಆ ನೇರಳೆ ಲೋಟ ನೋಡಿ ಏನು ಮಾಡಿದೆ? ಸಬೀನ ಹಾಕಿ ತಿಕ್ಕಿ ತೊಳೆದೆ.

ಆಮೇಲೆ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ಇನ್ವರ್ಟರಿಗೆ ಹಾಕುವುದು. ಅದು ಕುಡಿಯುವ ನೀರೇ ಅಲ್ಲ, ಕ್ಯಾನಿನ ಮೇಲೇ ಬರೆದಿರುತ್ತದೆ. ಇರಲಿ. ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ. ಆಮೇಲೆ ಒಂದು ತಂತಿ ಕಪ್ಪಾಗುತ್ತಾ ಬರುತ್ತದೆ, ಇನ್ನೊಂದರಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಏಳುತ್ತವೆ, ತಂತಿಯಿಂದ ಊದುಬತ್ತಿ ಹೊಗೆಯ ಹಾಗೆ ಏನೋ ಇಳಿಯುತ್ತದೆ. ಕಪ್ಪಾದ ತಂತಿಯನ್ನು ಆಗಾಗ ಬಟ್ಟೆಯಲ್ಲಿ ಒರೆಸಬೇಕು. ನೀರು ತಿಳಿ ಹಳದಿಗೆ ಬಂದರೆ ಆಯಿತು. ಮಗನ ಲೇಸರ್ ಲೈಟು ಬಿಟ್ಟರೆ ನೀರಿನೊಳಗೆ ಕೆಂಪು ಗೆರೆ ಕಾಣುತ್ತದೆ, ಬರೀ ನೀರಿನಲ್ಲಿ ಕಾಣುವುದಿಲ್ಲ. ಕಣ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. ಮೊದಲ ಸಲ ಆ ಗೆರೆ ಕಂಡಾಗ ಆದ ಖುಷಿ, ಡೆವಲಪರಿನಲ್ಲಿ ಮೊದಲ ಫೋಟೋ ಎದ್ದು ಬಂದಾಗಿನ ಖುಷಿಯೇ. ಸುಳ್ಳು ಹೇಳುವುದಿಲ್ಲ, ನನಗೆ ಆ ಕೆಲಸ ಇಷ್ಟವಾಗಿತ್ತು.

ಎರಡು ಗಂಟೆ ಕಾಯುವ ತಾಳ್ಮೆ ಎಲ್ಲಿದೆ? ಇನ್ನೊಂದು ವಿಡಿಯೋದಲ್ಲಿ ಒಂದೆರಡು ಹರಳು ಉಪ್ಪು ಹಾಕಿದರೆ ಬೇಗ ಆಗುತ್ತೆ ಅಂದರು. ಹಾಕಿದೆ. ಹತ್ತೇ ನಿಮಿಷಕ್ಕೆ ಆಯಿತು. ಬೆಳ್ಳಗೇ ಬಂತು, ಇರಲಿ ಸ್ಟ್ರಾಂಗ್ ಅಂದುಕೊಂಡೆ. ಮೊದಲು ಬೆಳಗ್ಗೆ ಎರಡು ಚಮಚ. ಆಮೇಲೆ ಅರ್ಧ ಲೋಟ. 2021ರಲ್ಲಿ ಎರಡನೇ ಅಲೆ ಬಂದು ಬೀದಿಯಲ್ಲಿ ದಿನಕ್ಕೊಂದು ಸಾವಿನ ಸುದ್ದಿ ಕೇಳುವಾಗ ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ಜೊತೆಗೆ ಮೂಗಿಗೆ ಡ್ರಾಪ್ಸು. ರುಚಿ ಹೇಗಿತ್ತು ಅಂದರೆ, ಚಿಕ್ಕವರಿದ್ದಾಗ ನಾಣ್ಯ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದೆವಲ್ಲ, ಹಾಗೆ.

ನನಗೆ ಕೊರೊನಾ ಬರಲಿಲ್ಲ. ಬೆಳ್ಳಿಯಿಂದ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಹೆಂಡತಿಗೂ ಬರಲಿಲ್ಲ, ಅವಳು ಕುಡಿದದ್ದು ಬರೀ ಶುಂಠಿ ಮೆಣಸಿನ ಕಷಾಯ. ಅದನ್ನು ಯಾರಿಗೂ ಹೇಳಲಿಲ್ಲ. ಮೂಗು? ಮೊದಲ ಚಳಿಗಾಲ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಆ ವರ್ಷ ಎಲ್ಲರೂ ಮಾಸ್ಕ್ ಹಾಕಿದ್ದರು, ನಾನೂ ಹಾಕಿದ್ದೆ, ಧೂಳು ಮೂಗಿಗೆ ಹೋಗಿರಲಿಲ್ಲ. ಎರಡನೇ ಚಳಿಗಾಲಕ್ಕೆ ಹದಿನೈದು ಸೀನು ವಾಪಸ್ ಬಂತು.

ನಡುವೆ ಇನ್ನೊಂದು ಆಯಿತು. ನನಗೆ ಥೈರಾಯ್ಡ್ ಇದೆ, ದಿನಾ ಬೆಳಗ್ಗೆ 75 ಮೈಕ್ರೋಗ್ರಾಮಿನ ಮಾತ್ರೆ. ರಕ್ತದ ಟೆಸ್ಟಿನಲ್ಲಿ ಟಿಎಸ್‌ಎಚ್ ಅಂತ ಒಂದು ಅಂಕಿ ಬರುತ್ತದೆ, ಮಾತ್ರೆ ಸಾಲದಿದ್ದರೆ ಅದು ಏರುತ್ತದೆ. ವರ್ಷಗಳಿಂದ ಅದು 3ರ ಆಸುಪಾಸು ಇರುತ್ತಿತ್ತು. 2021ರ ಕೊನೆಗೆ ಚೆಕ್ ಮಾಡಿಸಿದರೆ 12. ಡಾಕ್ಟರು ನನ್ನನ್ನೇ ದಿಟ್ಟಿಸಿ, "ಮಾತ್ರೆ ಸರಿಯಾಗಿ ತಗೊಳ್ತಾ ಇದೀರಾ, ಇಲ್ವಾ?" ಅಂದರು. ಒಂದು ದಿನವೂ ಬಿಟ್ಟಿಲ್ಲ ಸಾರ್ ಅಂದೆ. ನಿಜವೇ, ಬಿಟ್ಟಿರಲಿಲ್ಲ. ಮಾತ್ರೆ ನುಂಗುತ್ತಿದ್ದುದೇ ಬೆಳ್ಳಿ ನೀರಿನಲ್ಲಿ. ಆ ಮಾತ್ರೆ ಮೈಗೆ ಹತ್ತದ ಹಾಗೆ ಬೆಳ್ಳಿ ತಡೆಯುತ್ತದೆ, ಕೆಲವು ಆಂಟಿಬಯೋಟಿಕ್‌ಗಳನ್ನೂ ತಡೆಯುತ್ತದೆ ಅಂತ ಗೊತ್ತಾಗಿದ್ದು ಬಹಳ ಆಮೇಲೆ. ಅವರು ಡೋಸು 100ಕ್ಕೆ ಏರಿಸಿದರು. ನಾನು ಬೆಳ್ಳಿ ನೀರಿನ ವಿಷಯ ಬಾಯಿ ಬಿಡಲಿಲ್ಲ, ಬೈತಾರೆ ಅಂತ.

ಸರಿ, ಫೋಟೋ ಕಥೆಗೆ ಬರುತ್ತೇನೆ. ಆ ದಿನ ಸಂಜೆ ಕೈ ನೋಡಿಕೊಂಡೆ. ಉಗುರಿನ ಬುಡದಲ್ಲಿ ಬಿಳಿ ಅರ್ಧಚಂದ್ರ ಇರುತ್ತದಲ್ಲ, ಅದು ನೀಲಿ. ಹತ್ತೂ ಬೆರಳಲ್ಲಿ. ಪೆನ್ನಿನ ಇಂಕು ಒಳಗಡೆಯಿಂದ ಸೋರಿದ ಹಾಗೆ. ಕಾಲಿನ ಉಗುರು ನೋಡಿಕೊಂಡೆ, ಅಷ್ಟು ಇಲ್ಲ. ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತೆ. ಎದೆ, ಹೊಟ್ಟೆ ಎಂದಿನ ಹಾಗೇ ಗೋಧಿ ಬಣ್ಣ. ಕಾಲರಿನ ಗೆರೆಯಿಂದ ಮೇಲೆ ಮೋಡ ಕವಿದ ಹಾಗೆ.

ಮೊದಲು ಹೋದದ್ದು ನಮ್ಮ ಮಾಮೂಲಿ ಡಾಕ್ಟರ ಹತ್ತಿರ. ಅವರು ಹೆದರಿದರು. ರಕ್ತದಲ್ಲಿ ಆಮ್ಲಜನಕ ಕಮ್ಮಿ ಆದರೂ ಮೈ ನೀಲಿ ಆಗುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು, 98. ಇಸಿಜಿ ಮಾಡಿದರು, ಸರಿ ಇದೆ. ಎಕೋ ಮಾಡಿಸಿ ಬನ್ನಿ ಅಂದರು, ಮಾಡಿಸಿದೆ, ಹೃದಯ ಗಟ್ಟಿ. ಆ ಮೂರು ದಿನ ಮನೆಯಲ್ಲಿ ಒಲೆ ಹಚ್ಚಿದರು ಅಷ್ಟೇ, ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆ ಮೂರು ದಿನವೂ ನಾನು ಬೆಳ್ಳಿ ನೀರು ಕುಡಿದೆ. ಹೃದಯಕ್ಕೆ ಏನಾದರೂ ಆಗಿದ್ದರೆ ಒಳ್ಳೆಯದಾಗಲಿ ಅಂತ, ಇನ್ನೂ ಸ್ವಲ್ಪ ಜಾಸ್ತಿಯೇ.

ಆಮೇಲೆ ಚರ್ಮದ ಡಾಕ್ಟರು. ವಯಸ್ಸು ಕಮ್ಮಿ, ಹೆಣ್ಣುಮಗಳು. ನನ್ನ ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಬಿಟ್ಟರು. ಸುತ್ತಲಿನ ಕೆಂಪು ಹೋಗಿ ಬಂತು, ನೀಲಿ ಮಾತ್ರ ಕದಲಲಿಲ್ಲ. ರಕ್ತದ ನೀಲಿಯಾಗಿದ್ದರೆ ಒತ್ತಿದಾಗ ಮಾಯವಾಗಬೇಕಂತೆ. ಒಸಡು ತೋರಿಸಿ ಅಂದರು. ಆಮೇಲೆ ಕೇಳಿದರು: "ಅಂಕಲ್, ನೀವು ಬೆಳ್ಳಿ ಕೆಲಸ ಮಾಡ್ತೀರಾ?"

ನಾನು ಸ್ಟುಡಿಯೋ ಅಂದೆ. ಹಳೆ ಫೋಟೋ ಕೆಮಿಕಲ್ಲಾ ಅಂತ ಕೇಳಿದರು. ಅದು ಬಿಟ್ಟು ಹದಿನೇಳು ವರ್ಷ ಆಯ್ತು ಅಂದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಇನ್ನು ತಡೆಯಲಿಲ್ಲ. "ಬೆಳ್ಳಿ ಕಾಯಿಸಿ ಕುಡೀತಾರೆ ಮೇಡಂ, ಎರಡು ಹೊತ್ತು." ಕಾಯಿಸುವುದಲ್ಲ, ಕರೆಂಟು ಅಂತ ನಾನು ತಿದ್ದಲು ಹೋದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಅರ್ಜೀರಿಯಾ. ಈ ಹೆಸರು ಮೊದಲ ಸಲ ಕೇಳಿದ್ದು ಅವತ್ತು. ಬೆಳ್ಳಿ ಮೈಯೊಳಗೆ ಸೇರಿ ಚರ್ಮದಲ್ಲಿ ಕೂತುಬಿಡುವುದು. ಖಾತ್ರಿಗೆ ಬಯಾಪ್ಸಿ ಮಾಡಿದರು. ಕುತ್ತಿಗೆ ಪಕ್ಕ ಮರಗಟ್ಟಿಸಿ, 4 ಮಿಲಿಮೀಟರಿನ ದುಂಡನೆ ಬ್ಲೇಡು ಒತ್ತಿ ತಿರುಗಿಸಿ, ಹೆಸರುಕಾಳಿನಷ್ಟು ಚರ್ಮ ತೆಗೆದು ಒಂದು ಹೊಲಿಗೆ ಹಾಕಿದರು. ನೋವೇನೂ ಇರಲಿಲ್ಲ. ರಿಪೋರ್ಟು ಹತ್ತು ದಿನಕ್ಕೆ ಬಂತು. ಬೆವರಿನ ಗ್ರಂಥಿಗಳ ಸುತ್ತ ಸಣ್ಣ ಸಣ್ಣ ಕರಿ ಕಣಗಳು ಅಂತ ಬರೆದಿದ್ದರು. ಡಾಕ್ಟರು ಫೋನಿನಲ್ಲಿ ಸ್ಲೈಡಿನ ಚಿತ್ರ ತೋರಿಸಿದರು. ನಾನು ದೊಡ್ಡದು ಮಾಡಿ ನೋಡಿದೆ, ಮತ್ತೆ ನೋಡಿದೆ. ಅದು ಗ್ರೇನು. ಫಿಲಮ್ಮನ್ನು ತುಂಬಾ ಎನ್‌ಲಾರ್ಜ್ ಮಾಡಿದಾಗ ಕಾಣುವ ಅದೇ ಕಾಳು ಕಾಳು.

"ಬಿಸಿಲು ಬೀಳೋ ಕಡೆ ಜಾಸ್ತಿ ಆಗುತ್ತೆ ಅಂಕಲ್. ಚರ್ಮದಲ್ಲಿರೋ ಬೆಳ್ಳಿ ಬೆಳಕಿಗೆ ಕಪ್ಪಾಗುತ್ತೆ. ಹಳೆ ಫೋಟೋ ಫಿಲ್ಮ್ ಹೇಗೋ ಹಾಗೆ," ಅಂತ ಅವರು ನನಗೆ ಬಿಡಿಸಿ ಹೇಳುತ್ತಿದ್ದರು. ನನಗೆ! ತಯಾರಾದ ಬೆಳ್ಳಿ ನೀರನ್ನು ನಾನು ತುಂಬಿಡುತ್ತಿದ್ದುದು ಡೆವಲಪರಿನ ಹಳೆ ಕಂದು ಬಾಟಲಿಗಳಲ್ಲಿ. ಬೆಳಕು ತಾಗಬಾರದು ಅಂತ ಬೀರುವಿನಲ್ಲಿ ಇಡುತ್ತಿದ್ದೆ. ಅದನ್ನೇ ಹೊಟ್ಟೆಗೆ ಹಾಕಿಕೊಂಡು, ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿ, ಬಿ.ಎಚ್. ರಸ್ತೆಯಲ್ಲಿ ಬಿಸಿಲಲ್ಲಿ ಸ್ಕೂಟರ್ ಓಡಿಸುತ್ತಿದ್ದೆ. ಬಾಟಲಿಗೆ ಕೊಟ್ಟಷ್ಟು ಮರ್ಯಾದೆಯನ್ನೂ ನನಗೆ ನಾನು ಕೊಟ್ಟಿರಲಿಲ್ಲ.

ಮೇಡಂ, ಹೈಪೋ ಹಾಕಿ ತೆಗೆಯೋಕೆ ಆಗಲ್ವಾ ಅಂತ ಕೇಳಿದೆ. ತಮಾಷೆಗೆ ಕೇಳಲಿಲ್ಲ, ನಿಜವಾಗಿ ಕೇಳಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಹೇಳಿದರು. ಸೀಸ, ಪಾದರಸಕ್ಕೆ ಕೊಡುವಂಥ ಔಷಧಿ ಇದಕ್ಕೆ ಕೆಲಸ ಮಾಡುವುದಿಲ್ಲ. ಕ್ರೀಮಿಗೂ ಹೋಗುವುದಿಲ್ಲ. ಒಂದು ಬಗೆಯ ಲೇಸರಿನಿಂದ ಕೆಲವರಿಗೆ ಬಣ್ಣ ಇಳಿದದ್ದಿದೆ, ಆದರೆ ನೋವು ಜಾಸ್ತಿ, ಸ್ವಲ್ಪ ಸ್ವಲ್ಪ ಜಾಗವಾಗಿ ಮಾಡಬೇಕು, ಬೆಂಗಳೂರಿಗೆ ಹೋಗಬೇಕು. ಸದ್ಯಕ್ಕೆ ಕುಡಿಯುವುದು ಬಿಡಿ, ಟೋಪಿ ಹಾಕಿ, ಸನ್‌ಸ್ಕ್ರೀನ್ ಹಚ್ಚಿ, ಇರುವುದು ಇನ್ನೂ ಕಪ್ಪಾಗದ ಹಾಗೆ ನೋಡಿಕೊಳ್ಳಿ. ಜೀವಕ್ಕೇನೂ ಅಪಾಯ ಕಾಣುತ್ತಿಲ್ಲ ಅಂತ ಕಿಡ್ನಿ, ಲಿವರ್ ಟೆಸ್ಟು ನೋಡಿ ಹೇಳಿದರು. ಎಕೋ, ಬಯಾಪ್ಸಿ, ಟೆಸ್ಟು ಎಲ್ಲ ಸೇರಿ ಹನ್ನೊಂದು ಸಾವಿರ ಆಗಿತ್ತು.

ಅವತ್ತು ರಾತ್ರಿ ಕೂತು ಓದಿದೆ, ಈ ಸಲ ವಿಡಿಯೋ ಅಲ್ಲ. ಅಮೆರಿಕದಲ್ಲಿ ಔಷಧಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1999ರಲ್ಲೇ, ಕೊಲೊಯ್ಡಲ್ ಸಿಲ್ವರ್ ಇರುವ ಯಾವ ಔಷಧಿಯೂ ಸುರಕ್ಷಿತವಲ್ಲ, ಕೆಲಸ ಮಾಡುತ್ತದೆ ಅನ್ನುವುದಕ್ಕೂ ಆಧಾರವಿಲ್ಲ ಅಂತ ಹೇಳಿ ಅಂಗಡಿಯಲ್ಲಿ ಔಷಧಿ ಅಂತ ಮಾರುವುದನ್ನು ತಡೆದಿದೆ. 2020ರ ಮಾರ್ಚ್‌ನಲ್ಲಿ, ಅಂದರೆ ಷಡ್ಡಕನ ವಿಡಿಯೋ ನನಗೆ ಬರುವ ಹೊತ್ತಿಗೆ, ಕೊರೊನಾಗೆ ಬೆಳ್ಳಿ ಮದ್ದು ಅಂತ ಮಾರುತ್ತಿದ್ದವರಿಗೆ ಅಲ್ಲಿ ಎಚ್ಚರಿಕೆ ಪತ್ರಗಳು ಹೋಗಿದ್ದವು. ಅಲ್ಲಿನ ಮೊಂಟಾನಾ ರಾಜ್ಯದಲ್ಲಿ ಸ್ಟಾನ್ ಜೋನ್ಸ್ ಅಂತ ಒಬ್ಬ ರಾಜಕಾರಣಿ, 2000ನೇ ಇಸವಿ ಬಂದರೆ ಕಂಪ್ಯೂಟರೆಲ್ಲ ನಿಂತು ಆಂಟಿಬಯೋಟಿಕ್ ಸಿಗುವುದಿಲ್ಲ ಅಂತ ಹೆದರಿ 1999ರಿಂದ ಮನೆಯಲ್ಲೇ ಮಾಡಿಕೊಂಡು ಕುಡಿದು ನೀಲಿಯಾದ. ನನ್ನ ಹಾಗೇ ತಂತಿ, ಕರೆಂಟು. ಪಾಲ್ ಕರಾಸನ್ ಅಂತ ಇನ್ನೊಬ್ಬ ಇದ್ದ, 2013ರಲ್ಲಿ ತೀರಿಕೊಂಡ. ಅವನ ಫೋಟೋ ನೋಡಿ ಹೆಂಡತಿ ಫೋನನ್ನು ಕಿತ್ತುಕೊಂಡು ಮಲಗಲು ಕಳಿಸಿದಳು. ಅವನು ಕೃಷ್ಣನಿಗಿಂತ ನೀಲಿ. ನಾನು ಅಷ್ಟಿಲ್ಲ.

ಮಾರನೆ ದಿನ ತಂತಿಗಳನ್ನು ತೆಗೆದುಕೊಂಡು ಅದೇ ಅಕ್ಕಸಾಲಿ ಹತ್ತಿರ ಹೋದೆ. ನಡುವೆ ಒಂದು ಸಲ ಹೊಸ ತಂತಿ ಮಾಡಿಸಿದ್ದೆ, ಎಲ್ಲ ಸೇರಿ 20 ಗ್ರಾಂ ಕೊಂಡಿದ್ದೆ. ತಕ್ಕಡಿಯಲ್ಲಿ ಉಳಿದದ್ದು 12 ಗ್ರಾಂ ಚಿಲ್ಲರೆ. ಹತ್ತಿರ ಹತ್ತಿರ 8 ಗ್ರಾಂ ಹೋಗಿದೆ. ಅಮೆರಿಕದ ಪರಿಸರ ಇಲಾಖೆಯವರು ಬೆಳ್ಳಿಗೆ ಹಾಕಿರುವ ಮಿತಿ ದಿನಕ್ಕೆ ಒಂದು ಕೆಜಿ ತೂಕಕ್ಕೆ 5 ಮೈಕ್ರೋಗ್ರಾಂ. ನಾನು 70 ಕೆಜಿ, ಅಂದರೆ 350 ಮೈಕ್ರೋಗ್ರಾಂ, ಒಂದು ಮಿಲಿಗ್ರಾಮಿನ ಮೂರನೇ ಒಂದು ಭಾಗದಷ್ಟು. ಹೋದ ಬೆಳ್ಳಿಯಲ್ಲಿ ಅರ್ಧ ಒರೆಸಿದ ಬಟ್ಟೆಗೇ ಹೋಯಿತು ಅಂದುಕೊಂಡರೂ, 900 ದಿನಕ್ಕೆ ಹಂಚಿದರೆ ದಿನಕ್ಕೆ 4 ಮಿಲಿಗ್ರಾಮಿನ ಮೇಲೆ. ಮಿತಿಯ ಹನ್ನೆರಡು ಪಟ್ಟು. ಲೆಕ್ಕ ಕೇಳಿದ ಹೆಂಡತಿ, "ನನ್ನ ಕಾಲುಂಗುರ ಸವೆದಿದೆ, ಹೊಸದು ಕೊಡಿಸಿ ಅಂದ್ರೆ ಕೊಡಿಸ್ಲಿಲ್ಲ. ಕುಡಿದೇಬಿಟ್ರಾ!" ಅಂದಳು. ಉಳಿದ ಬೆಳ್ಳಿಯಲ್ಲಿ ಕಾಲುಂಗುರ ಮಾಡಿಸಿದೆ. ಶುದ್ಧ ಬೆಳ್ಳಿ ಮೆತ್ತಗಾಗುತ್ತೆ ಸಾರ್, ಸ್ವಲ್ಪ ತಾಮ್ರ ಸೇರಿಸ್ತೀನಿ ಅಂದರು. ಸೇರಿಸಿ ಅಂದೆ.

ಬಿಟ್ಟು ನಾಲ್ಕು ತಿಂಗಳಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು, ಕ್ಯಾಮೆರಾ ಹಿಡಿದರೆ ಕೈ ನಡುಗುತ್ತಿತ್ತು. ತಡೆಯುವ ಬೆಳ್ಳಿ ಇಲ್ಲವಲ್ಲ, 100ರ ಥೈರಾಯ್ಡ್ ಮಾತ್ರೆ ಪೂರ್ತಿ ಹತ್ತತೊಡಗಿತ್ತು. ಈ ಸಲ ಡಾಕ್ಟರಿಗೆ ಎಲ್ಲ ಹೇಳಿದೆ. ಬೈದರು. ಮತ್ತೆ 75ಕ್ಕೆ ಇಳಿಸಿದರು. ಮೂಗಿಗೆ ಈಗ ಕಿವಿ ಮೂಗು ಗಂಟಲಿನವರು ಕೊಟ್ಟ ಸ್ಪ್ರೇ ಇದೆ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ದಿನಾ ತೊಳೆಯುತ್ತೇನೆ. ಸೀನು ಹದಿನೈದರಿಂದ ನಾಲ್ಕಕ್ಕೆ ಬಂದಿದೆ.

ಮುಖ ಹಾಗೇ ಇದೆ. ಟ್ಯೂಬ್‌ಲೈಟಿನಲ್ಲಿ ಜಾಸ್ತಿ ಕಾಣುತ್ತದೆ, ಹಳದಿ ಬಲ್ಬಿನಲ್ಲಿ ಕಮ್ಮಿ, ಅದಕ್ಕೇ ಕೌಂಟರಿನ ಲೈಟು ಬದಲಾಯಿಸಿದೆ. ಗಿರಾಕಿಗಳು ಹುಷಾರಿಲ್ವಾ ಸಾರ್ ಅನ್ನುತ್ತಾರೆ. ಮಕ್ಕಳು ನೇರವಾಗಿ ಕೇಳುತ್ತವೆ, ಅದೇ ವಾಸಿ. ಲೇಸರಿನ ವಿಚಾರ ಇನ್ನೂ ತೀರ್ಮಾನ ಮಾಡಿಲ್ಲ, ಮಗಳ ಮದುವೆ ಇದೆ, ದುಡ್ಡು ಆ ಕಡೆ ಹೋಗಬೇಕು.

ಹೋದ ಯುಗಾದಿ ಆದಮೇಲೆ ನೆಂಟರ ಗೃಹಪ್ರವೇಶದಲ್ಲಿ ಷಡ್ಡಕ ಸಿಕ್ಕಿದ. ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತ. ಅವನೂ ಇನ್ನೂ ಕುಡಿಯುತ್ತಿದ್ದಾನೆ, ಆದರೆ ಮಾಡಿಕೊಳ್ಳುವುದಿಲ್ಲ, ಆನ್‌ಲೈನಿನಲ್ಲಿ ಬಾಟಲಿ ತರಿಸುತ್ತಾನೆ. "ಅಣ್ಣ, ನೀವು ಉಪ್ಪು ಹಾಕಿದ್ದೇ ತಪ್ಪಾಗಿದ್ದು. ನನ್ನದು ಲ್ಯಾಬಿನಲ್ಲಿ ಮಾಡಿದ್ದು, ಏನೂ ಆಗಲ್ಲ," ಅಂದ. ನಾನು ವಾದ ಮಾಡಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲು ಅವನು ಕೈ ಚಾಚಿದಾಗ ಉಗುರು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಮಾತು ಬದಲಾಯಿಸಿದ.

ಎಂಟು ದಿನ ಆದಮೇಲೆ ರಾತ್ರಿ ಹತ್ತು ಗಂಟೆಗೆ ಫೋನು. ಮಳೆ, ಅಡಿಕೆ ರೇಟು, ಅದೂ ಇದೂ ಮಾತಾಡಿ ಕೊನೆಗೆ, "ಅಣ್ಣ, ಆ ಸ್ಕಿನ್ ಡಾಕ್ಟರು ಸಾಯಂಕಾಲ ಎಷ್ಟು ಗಂಟೆವರೆಗೂ ಇರ್ತಾರೆ?" ಅಂದ.

ಯಾರಿಗೆ ಅಂತ ನಾನು ಕೇಳಲಿಲ್ಲ. ಎಂಟರವರೆಗೆ ಇರ್ತಾರೆ, ಟೋಕನ್ ಮಾತ್ರ ಐದು ಗಂಟೆಗೇ ಬಂದು ತಗೋಬೇಕು ಅಂದೆ.